ಅಂಕಣದ ಮನೆ, ಕಂಬದ ಲೆಕ್ಕ

(ಸಿಂಧನೂರಿನಲ್ಲಿ ವಿದ್ಯಾರ್ಥಿಗಳು ಹಾಗೂ ನಾಗರಿಕರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಪತ್ರಿಕೆಯಲ್ಲಿ ಕೆಲಸ ಮಾಡುವವರಿಗೆ ‘ಅಂಕಣ’ ಎಂಬ ಮಾತು ದಿನವೂ ನಾಲಿಗೆಯ ಮೇಲಿರುತ್ತದೆ. ಈ ವಾರದ ಅಂಕಣ ಬಂತೇ, ಈ ಸುದ್ದಿಗೆ ಎಷ್ಟು ಅಂಕಣ ಜಾಗ ಬೇಕು ಎಂದು ಕೇಳುತ್ತಲೇ ಇರುತ್ತೇವೆ. ಆದರೆ ಈ ಶಬ್ದ ಪತ್ರಿಕೆಯಲ್ಲಿ ಹುಟ್ಟಿದ್ದಲ್ಲ. ಅದು ಮನೆ ಕಟ್ಟುವವರ ಮಾತು. ಕಂಬಗಳ ನಡುವಿನ ಎಡೆಗೆ ಅಂಕಣ ಎಂದು ಹೆಸರು. ಪುಟದ ಉದ್ದನೆಯ ಪಟ್ಟಿಗಳನ್ನು ಕಂಡ ಯಾರಿಗೋ ಸಾಲುಗಂಬಗಳ ಪಡಸಾಲೆ ನೆನಪಾಗಿ, ಶಬ್ದ ಅಲ್ಲಿಂದ ಇಲ್ಲಿಗೆ ಬಂದಿರಬೇಕು.

ನಮ್ಮ ಭಾಗದ ಹಳ್ಳಿಗಳಲ್ಲಿ ಹಿರಿಯರು ಮನೆಯ ದೊಡ್ಡಸ್ತಿಕೆಯನ್ನು ಹೇಳುವಾಗ ಕೋಣೆ ಎಣಿಸುವುದಿಲ್ಲ, ಚದರಡಿಯನ್ನೂ ಹೇಳುವುದಿಲ್ಲ. ‘ಅವರದು ಆರಂಕಣದ ಮನಿ’, ‘ಗೌಡರದು ಇಪ್ಪತ್ತಂಕಣದ ಮನಿ’ ಎನ್ನುತ್ತಾರೆ. ಕೆಲವು ಊರುಗಳಲ್ಲಿ ಅದಕ್ಕೇ ‘ಖಣ’ ಎಂಬ ಹೆಸರು. ಆಂಧ್ರದ ನೆಲ್ಲೂರು, ತಿರುಪತಿಗಳ ಕಡೆ ನಿವೇಶನದ ಅಳತೆಯನ್ನೇ ಅಂಕಣದಲ್ಲಿ ಹೇಳುವ ರೂಢಿ ಇದೆ. ಎಂದರೆ, ಮನೆಯನ್ನು ಗೋಡೆಗಳಿಂದಲ್ಲ, ಕಂಬಗಳಿಂದ ಅಳೆಯುವ ಜನ ನಾವು. ಈ ಲೆಕ್ಕವನ್ನು ನಾವು ಮರೆಯುತ್ತಿದ್ದೇವೆ, ಮರೆತದ್ದರಿಂದ ಮನೆಗಳು ಬೀಳುತ್ತಿವೆ ಎಂಬುದೇ ಇವತ್ತು ನಾನು ಹೇಳಬೇಕೆಂದಿರುವ ವಿಷಯ.

ಆರು ಸಾಲಿನ ಸುದ್ದಿ

ವರದಿಗಾರರಿಗೆ ಮಳೆಗಾಲದಲ್ಲಿ ತಪ್ಪದೆ ಬರುವ ಸುದ್ದಿಯೊಂದಿದೆ. ‘ಸತತ ಮಳೆ: ಹಳೆಯ ಮನೆ ಕುಸಿತ.’ ಆರು ಸಾಲು. ಊರು, ಮನೆಯವರ ಹೆಸರು, ನಷ್ಟದ ಅಂದಾಜು, ಗ್ರಾಮ ಆಡಳಿತಾಧಿಕಾರಿಯ ಭೇಟಿ. ನಾನೂ ಇಂಥವನ್ನು ಸಾಕಷ್ಟು ಬರೆದಿದ್ದೇನೆ.

ಒಂದು ಮಳೆಗಾಲ ಹೀಗೆಯೇ ಹಳ್ಳಿಯೊಂದಕ್ಕೆ ಹೋಗಿದ್ದೆ. ಮೂರು ದಿನ ಬಿಡದೆ ಮಳೆ ಹೊಡೆದಿತ್ತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿದ್ದ ದೊಡ್ಡ ಮಾಳಿಗೆ ಮನೆ. ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿದ್ದರು. ತಮ್ಮನ ಪಾಲಿನ ಮಾಳಿಗೆ ಪೂರ್ತಿ ಕೆಳಗಿಳಿದಿತ್ತು. ಆ ರಾತ್ರಿ ಮನೆಮಂದಿಯೆಲ್ಲ ಅಣ್ಣನ ಪಡಸಾಲೆಯಲ್ಲಿ ಮಲಗಿದ್ದರಿಂದ ಜೀವ ಉಳಿದಿತ್ತು. ಒಂದು ಕರು ಸತ್ತಿತ್ತು. ನಾನು ಎಂದಿನಂತೆ ‘ಹಳೆಯ ಮನೆ ಕುಸಿದು ಕರು ಸಾವು’ ಎಂದು ಬರೆದು ಕಳಿಸಿದೆ.

ಬಸ್ಸಿನಲ್ಲಿ ವಾಪಸು ಬರುವಾಗ ಒಂದು ಪ್ರಶ್ನೆ ಕಾಡತೊಡಗಿತು. ಅಣ್ಣನ ಅರ್ಧ ಮನೆಯೂ ಅಷ್ಟೇ ಹಳೆಯದಲ್ಲವೇ? ಅದೇ ಮಣ್ಣು, ಅದೇ ಮಳೆ, ಅದೇ ಅಜ್ಜ ಕಟ್ಟಿಸಿದ್ದು. ಅದೇಕೆ ನಿಂತಿತು?

ಮತ್ತೊಂದು ದಿನ ಹೋಗಿ ನೋಡಿದಾಗ ಉತ್ತರ ಸಿಕ್ಕಿತು. ತಮ್ಮನ ಪಾಲಿನಲ್ಲಿ ನಡುವೆ ಎರಡು ಕಂಬಗಳಿದ್ದವಂತೆ. ಮಂಚ, ಅಲ್ಮಾರಿಗೆ ಅಡ್ಡವಾಗುತ್ತವೆಂದು ತೆಗೆಸಿ, ತೊಲೆಯ ತುದಿಗಳನ್ನು ಹೊಸ ಗೋಡೆಯೊಳಗೆ ತೂರಿಸಿದ್ದರು. ಆ ಗೋಡೆಯ ಬುಡ ನೆನೆದು ಜರಿದಾಗ ತೊಲೆಗಳು ಬಂದವು, ಅವುಗಳ ಬೆನ್ನಿಗೆ ಮಾಳಿಗೆ ಬಂತು. ಅಣ್ಣನ ಕಡೆಯಲ್ಲೂ ಹಿತ್ತಲ ಗೋಡೆ ಅಷ್ಟೋ ಇಷ್ಟೋ ಜರಿದಿತ್ತು. ಆದರೆ ಕಂಬಗಳು ನಿಂತಿದ್ದವು, ಅವುಗಳ ಮೇಲೆ ಮಾಳಿಗೆಯೂ ನಿಂತಿತ್ತು.

ಕಟ್ಟಿಗೆ ಹೊರುತ್ತದೆ, ಗೋಡೆ ಮುಚ್ಚುತ್ತದೆ

ಮಾಳಿಗೆ ಮನೆಯ ಒಡಲನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ನೋಡೋಣ. ಮೊದಲು ಅಡಿಗಲ್ಲು. ಕಂಬವನ್ನು ನೇರವಾಗಿ ನೆಲದಲ್ಲಿ ಹೂಳುವುದಿಲ್ಲ. ಕಲ್ಲಿನ ಮೇಲೆ ನಿಲ್ಲಿಸುತ್ತಾರೆ. ನೆಲದ ಹಸಿಯೂ ಒರಲೆಯೂ ಕಂಬಕ್ಕೆ ಏರಬಾರದೆಂಬ ಮುಂದಾಲೋಚನೆ ಇದು. ಅದರ ಮೇಲೆ ಕಂಬ. ಮರ ಬೆಳೆದಿದ್ದಾಗ ಬುಡ ಯಾವ ಕಡೆ ಇತ್ತೋ ಆ ಕಡೆಯೇ ಕೆಳಗಿರಬೇಕೆಂಬುದು ಬಡಿಗರ ನೇಮ. ಕಂಬದ ತಲೆಯ ಮೇಲೆ ಎರಡೂ ಕಡೆ ಕೈ ಚಾಚಿದಂತೆ ಬೋದಿಗೆ. ಬೋದಿಗೆಯ ಮೇಲೆ ತೊಲೆ. ತೊಲೆಗಳಿಗೆ ಅಡ್ಡವಾಗಿ ಒತ್ತೊತ್ತಾಗಿ ಜಂತಿಗಳು. ಜಂತಿಯ ಮೇಲೆ ಕಟ್ಟಿಗೆಯ ಸೀಳು ಅಥವಾ ತೊಗರಿ ಕಟ್ಟಿಗೆ, ಅಲ್ಲಲ್ಲಿ ಬೇವಿನ ಸೊಪ್ಪು. ಅದರ ಮೇಲೆ ಕಲಸಿದ ಕೆಸರು, ಕಟ್ಟಕಡೆಗೆ ಸವಳು ಮಣ್ಣಿನ ಹೊದಿಕೆ. ಸುತ್ತ ಕುಂಬಿ. ಮಳೆ ನೀರು ಹೊರಕ್ಕೆ ಬೀಳಲು ದೋಣಿ. ನಡುವೆ ಬೆಳಕಿಂಡಿ.

ಬೋದಿಗೆಯನ್ನು ನಾವು ಚಿತ್ತಾರಕ್ಕೆಂದು ನೋಡುತ್ತೇವೆ. ಗಿಳಿ, ಹೂ, ಬಳ್ಳಿ ಕೆತ್ತಿದ ಬೋದಿಗೆಗಳು ಚೆಲುವಾಗಿಯೇ ಇರುತ್ತವೆ. ಆದರೆ ಅದರ ಕೆಲಸ ಬೇರೆ. ಕಂಬದಿಂದ ಕಂಬಕ್ಕೆ 8 ಅಡಿ ದೂರವಿದೆ ಎನ್ನಿ. ಬೋದಿಗೆ ಎರಡೂ ಕಡೆಯಿಂದ ಒಂದೂವರೆ ಅಡಿ ಮುಂದೆ ಬಂದು ತೊಲೆಯನ್ನು ಹಿಡಿದರೆ, ಆಸರೆಯಿಲ್ಲದೆ ತೊಲೆ ದಾಟಬೇಕಾದ ದೂರ 5 ಅಡಿಗೆ ಇಳಿಯುತ್ತದೆ. ಉದ್ದನೆಯ ದಪ್ಪ ಮರ ಸಿಗದ ಬಯಲುಸೀಮೆಯಲ್ಲಿ ಸಣ್ಣ ಮರದಿಂದ ದೊಡ್ಡ ಕೆಲಸ ತೆಗೆಯುವ ಉಪಾಯ ಇದು.

ಕಂಬದ ತಲೆಯಲ್ಲಿ ಗೂಟದಂಥ ಮೂತಿ ಬಿಟ್ಟು, ಬೋದಿಗೆಯಲ್ಲಿ ಅದಕ್ಕೆ ಸರಿಯಾದ ತೂತು ಕೊರೆದು ಕೂಡಿಸುತ್ತಾರೆ. ಬೇಕಾದಲ್ಲಿ ಬೆಣೆ ಬಡಿಯುತ್ತಾರೆ. ಕಬ್ಬಿಣದ ಮೊಳೆಗೆ ಇಲ್ಲಿ ಹೆಚ್ಚಿನ ಕೆಲಸವಿಲ್ಲ. ಸಿಂಧನೂರಿನ ಸುತ್ತಮುತ್ತ ಯರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಇಂಥ ನೆಲದ ಮೇಲೆ ಗೋಡೆ ಸೀಳುವುದು ಸಹಜ. ಮರದ ಕೂಡಿಕೆಗಳಾದರೋ ಅಷ್ಟಿಷ್ಟು ಅಲುಗಿದರೂ ಬಿಟ್ಟುಕೊಡುವುದಿಲ್ಲ. ಗೋಡೆಯಲ್ಲಿ ಕೈ ತೂರುವಷ್ಟು ಬಿರುಕಿದ್ದರೂ ಮಾಳಿಗೆ ಮಟ್ಟಸವಾಗಿ ನಿಂತಿರುವ ಮನೆಗಳನ್ನು ನೀವೂ ನೋಡಿರುತ್ತೀರಿ.

ಬಡಿಗನ ಕೆಲಸ ಮನೆಯ ಜಾಗದಲ್ಲಿ ಶುರುವಾಗುವುದಿಲ್ಲ, ಮರದ ಬುಡದಲ್ಲಿ ಶುರುವಾಗುತ್ತದೆ. ನಮ್ಮಲ್ಲಿ ಸಿಗುವುದು ಬೇವು, ಜಾಲಿ. ಸಾಗವಾನಿ ಹೊರಗಿನಿಂದ ಬರಬೇಕು, ಅದು ಉಳ್ಳವರ ಮಾತು. ಕಡಿದ ಮರವನ್ನು ನೀರಿನಲ್ಲಿ ನೆನೆಹಾಕಿ, ಆಮೇಲೆ ನೆರಳಿನಲ್ಲಿ ಒಣಗಿಸಿ ಹದಕ್ಕೆ ತರುವುದಕ್ಕೆ ತಿಂಗಳುಗಳೇ ಬೇಕು. ಬಾಚಿಯಿಂದ ಕೆತ್ತಿ, ಉಳಿ ಕೊಡತಿಯಿಂದ ತೂತು ತೆಗೆದು, ತೋಪಡ ಹೊಡೆದು, ಎಲ್ಲವನ್ನೂ ನೆಲದ ಮೇಲೆಯೇ ಜೋಡಿಸಿ ನೋಡಿ, ಗುರುತು ಹಾಕಿ, ಆಮೇಲೆ ಎತ್ತಿ ನಿಲ್ಲಿಸುವುದು. ತಲಬಾಗಿಲು ನಿಲ್ಲಿಸುವ ದಿನ ಪೂಜೆ, ಬಡಿಗನಿಗೆ ಬಟ್ಟೆ, ಕಾಣಿಕೆ. ಹಳ್ಳಿಯ ಆಯಗಾರರಲ್ಲಿ ಬಡಿಗನೂ ಒಬ್ಬ. ಒಕ್ಕಲಿಗರ ನೇಗಿಲು, ಕೂರಿಗೆ, ಗಾಡಿ ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದವನೇ ಮನೆಯನ್ನೂ ಕಟ್ಟುತ್ತಿದ್ದ. ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಾಗ ಅವನ ವರ್ಷದ ಗಳಿಕೆ ಹೋಯಿತು. ಅದರೊಂದಿಗೆ ಮನೆಯ ಲೆಕ್ಕ ಬಲ್ಲವನೂ ಊರು ಬಿಟ್ಟ.

ಹನ್ನೆರಡು ಕಂಬ, ಎರಡು ಕಂಬ

ಈಗ ಸ್ವಲ್ಪ ಲೆಕ್ಕ. 8 ಅಡಿ ಉದ್ದ, 8 ಅಡಿ ಅಗಲದ ಒಂದು ಅಂಕಣ. ಮೇಲೆ ಒಂದು ಅಡಿ ಮಣ್ಣು. ಅಂದರೆ 64 ಘನ ಅಡಿ ಮಣ್ಣು. ಅದರ ತೂಕ ಸ್ಥೂಲವಾಗಿ 3 ಟನ್. ಆರಂಕಣದ ಮನೆಗೆ 18 ಟನ್. ನಮ್ಮ ತಲೆಯ ಮೇಲೆ ಇಷ್ಟು ಭಾರ ಇಟ್ಟುಕೊಂಡು ಮಲಗುತ್ತೇವೆ. ಮಣ್ಣು ನೀರು ಕುಡಿದರೆ ಇದು ಇನ್ನೂ ಹೆಚ್ಚುತ್ತದೆ.

ಉದ್ದಕ್ಕೆ ಮೂರು, ಅಗಲಕ್ಕೆ ಎರಡು ಅಂಕಣಗಳ ಈ ಮನೆಗೆ ಎಷ್ಟು ಕಂಬ ಬೇಕು? ಎಲ್ಲ ಮೂಲೆಗಳಲ್ಲೂ, ಗೋಡೆಯ ಸಾಲಿನಲ್ಲೂ ಕಂಬ ನಿಲ್ಲಿಸಿದರೆ ಹನ್ನೆರಡು. ಸುತ್ತಲಿನ ಹತ್ತು ಕಂಬಗಳನ್ನು ಉಳಿಸಿ, ತೊಲೆಗಳ ಹೊರತುದಿಗಳನ್ನು ಗೋಡೆಯ ಮೇಲೆ ಇಟ್ಟರೆ ಒಳಗೆ ಎರಡೇ ಕಂಬ ಸಾಕು. ಹೊರಗಿನಿಂದ ನೋಡಿದರೆ ಎರಡೂ ಮನೆ ಒಂದೇ ಥರ. ಆದರೆ ಮೊದಲ ಮನೆಯಲ್ಲಿ 18 ಟನ್ ಭಾರವನ್ನೂ ಕಂಬ ಹೊರುತ್ತದೆ. ಎರಡನೆಯದರಲ್ಲಿ ಕಂಬಗಳ ಪಾಲಿಗೆ 6 ಟನ್, ಗೋಡೆಯ ಪಾಲಿಗೆ 12 ಟನ್.

ಹತ್ತು ಕಂಬ ಉಳಿಸಿದವರು ಯಾರು? ಮರ ಕೊಳ್ಳಲಾಗದವರು. ಗೌಡರ, ದೇಸಾಯರ ವಾಡೆಗಳಲ್ಲಿ ಗೋಡೆಯೊಳಗೂ ಕಂಬ ಹುದುಗಿರುತ್ತಿತ್ತು. ಬಡವನ ಮನೆಯಲ್ಲಿ ಗೋಡೆಯೇ ಕಂಬ. ಗೋಡೆ ಹಸಿ ಇಟ್ಟಿಗೆಯದೋ, ಕೆಸರಿನಲ್ಲಿ ಕೂಡಿಸಿದ ಕಲ್ಲಿನದೋ ಆಗಿದ್ದರೆ, ಅದರ ಬುಡಕ್ಕೆ ನೀರು ನಿಂತ ದಿನವೇ ಗಂಡಾಂತರ. ಮಳೆಯಲ್ಲಿ ಬಡವರ ಮನೆಗಳೇ ಬೀಳುವುದೇಕೆ ಎಂಬ ಪ್ರಶ್ನೆಗೆ ಈ ಹತ್ತು ಕಂಬಗಳಲ್ಲಿ ದೊಡ್ಡ ಉತ್ತರ ಇದೆ.

ಹೊಲದ ಶಾಪ, ಮಾಳಿಗೆಯ ವರ

ಮಣ್ಣಿನ ಮಾಳಿಗೆ ಸೋರುವುದಿಲ್ಲವೇ ಎಂದು ಪಟ್ಟಣದ ಗೆಳೆಯರು ಕೇಳುತ್ತಾರೆ. ಸವಳು ಮಣ್ಣಿನ ಗುಟ್ಟು ಇಲ್ಲಿದೆ. ಸೋಡಿಯಂ ಹೆಚ್ಚಿರುವ ಇಂಥ ಮಣ್ಣಿನ ಜೇಡಿ ಕಣಗಳು ನೀರು ಬಿದ್ದೊಡನೆ ಬಿಡಿಬಿಡಿಯಾಗಿ ಚದುರಿ ಸಣ್ಣ ಸಣ್ಣ ಸಂದುಗಳನ್ನು ಮುಚ್ಚಿಬಿಡುತ್ತವೆ. ಆಮೇಲೆ ನೀರು ಕೆಳಗಿಳಿಯದೆ ದೋಣಿಯ ಕಡೆ ಹರಿಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆಯ ನೀರು ಈ ಸೀಮೆಗೆ ಹರಿದ ಮೇಲೆ, ಭತ್ತದ ಗದ್ದೆಗಳ ಜೊತೆಗೆ ಸವಳು–ಜವಳು ಭೂಮಿಯೂ ಹೆಚ್ಚಿತು. ಹೊಲದಲ್ಲಿ ರೈತ ಯಾವ ಗುಣಕ್ಕಾಗಿ ಈ ಮಣ್ಣನ್ನು ಶಪಿಸುತ್ತಾನೋ, ಮಾಳಿಗೆಯ ಮೇಲೆ ಅವನಜ್ಜ ಅದೇ ಗುಣಕ್ಕಾಗಿ ಅದನ್ನು ಹುಡುಕಿ ತಂದಿದ್ದ. ಸವಳು ಮಣ್ಣಿನಿಂದ ಉಪ್ಪು ತೆಗೆಯುವುದು ಕುಲಕಸುಬಾಗಿದ್ದ ಉಪ್ಪಾರರು ಮನೆ ಕಟ್ಟುವ ಕೆಲಸಕ್ಕೂ ಹೆಸರಾದದ್ದು ಆಕಸ್ಮಿಕವಿರಲಾರದು.

ಆದರೆ ಇದಕ್ಕೂ ಮಿತಿಯಿದೆ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಸೀಮೆಯ ಹೊದಿಕೆ ಇದು. ಜೋರಾಗಿ ಬಂದು ಹೋಗುವ ಮಳೆಯನ್ನು ತಡೆಯುತ್ತದೆ. ನಡುವೆ ಬಿಸಿಲು ಕಾಣದೆ ನಾಲ್ಕಾರು ದಿನ ಹಿಡಿದ ಮಳೆಯನ್ನು ತಾಳಲಾರದು. ಇನ್ನೊಂದು ತೊಂದರೆ ನಮ್ಮ ಕೈಯಿಂದಲೇ ಆದದ್ದು. ಸೋರಿದಾಗಲೆಲ್ಲ ಮೇಲೊಂದಿಷ್ಟು ಮಣ್ಣು ಹಾಕುತ್ತೇವೆ. ಹಳೆಯದನ್ನು ಹೆರೆದು ತೆಗೆಯುವುದಿಲ್ಲ. ಒಂದು ಅಂಗುಲ ಮಣ್ಣು ಹೆಚ್ಚಾದರೆ ಒಂದು ಅಂಕಣಕ್ಕೆ ಕಾಲು ಟನ್ ಭಾರ ಹೆಚ್ಚಿದಂತೆ. ಇಪ್ಪತ್ತು ವರ್ಷದಲ್ಲಿ ಹನ್ನೆರಡು ಅಂಗುಲ ಏರಿದರೆ ಅಜ್ಜ ಲೆಕ್ಕ ಹಾಕಿದ್ದ ಭಾರ ಇಮ್ಮಡಿಯಾಯಿತು. ಜಂತಿ ಮಾತ್ರ ಅದೇ ಜಂತಿ.

ಕಲ್ಲು ಉಳಿಯಿತು, ಮರ ಉಳಿಯಲಿಲ್ಲ

ಕಂಬ ನಿಲ್ಲಿಸಿ ಮನೆ ಕಟ್ಟುವ ಈ ವಿದ್ಯೆ ಎಷ್ಟು ಹಳೆಯದು? ಧಡೇಸುಗೂರು ಸೇತುವೆಯ ಮೇಲೆ ತುಂಗಭದ್ರೆಯನ್ನು ದಾಟಿ ಸಿರುಗುಪ್ಪದ ಮೇಲೆ ಬಳ್ಳಾರಿಯ ಕಡೆ ಹೋದರೆ ತೆಕ್ಕಲಕೋಟೆ ಸಿಗುತ್ತದೆ. ಅಲ್ಲಿನ ಗುಡ್ಡದಲ್ಲಿ 1960ರ ದಶಕದಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದಾಗ ನವಶಿಲಾಯುಗದ ಜನರ ದುಂಡನೆಯ ಗುಡಿಸಲುಗಳ ನೆಲೆ ಸಿಕ್ಕಿತು. ಗುಡಿಸಲು ಹೋಗಿತ್ತು, ಮರ ಹೋಗಿತ್ತು. ಕಂಬ ನೆಟ್ಟಿದ್ದ ಕುಳಿಗಳು ಉಳಿದಿದ್ದವು. ಮೂರೂವರೆ ಸಾವಿರ ವರ್ಷಗಳಷ್ಟು ಹಿಂದಿನ ಮನೆಯನ್ನು ನಾವು ತಿಳಿದದ್ದು ಅದರ ಕಂಬಗಳ ಗುರುತಿನಿಂದ.

ನಮ್ಮ ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಿಂದ ಅಶೋಕನ ಹೆಸರು ಜಗತ್ತಿಗೆ ಖಚಿತವಾಯಿತು. ಆ ಶಾಸನ ಕಲ್ಲಿನ ಮೇಲಿತ್ತು, ಉಳಿಯಿತು. ಆದರೆ ಆ ದೊರೆಯ ರಾಜಧಾನಿ ಪಾಟಲೀಪುತ್ರದ ಕೋಟೆ ಮರದ್ದು ಎಂದು ಗ್ರೀಕ್ ರಾಯಭಾರಿ ಮೆಗಾಸ್ತನೀಸ್ ಬರೆದಿದ್ದ. ಪಟ್ನಾದ ನೆಲ ಅಗೆದಾಗ ಆ ಮರದ ಅವಶೇಷಗಳೂ ಸಿಕ್ಕವು.

ಇನ್ನು ಹಂಪಿ. ಅಲ್ಲಿ ದೇವಾಲಯಗಳಿವೆ, ಅರಮನೆಗಳೆಲ್ಲಿ ಎಂದು ಪ್ರವಾಸಿಗರು ಕೇಳುವುದುಂಟು. ಅರಮನೆಗಳು ಬಹುಮಟ್ಟಿಗೆ ಮರದ್ದಾಗಿದ್ದವು. ರಾಜಸಭಾಂಗಣವೆಂದು ತೋರಿಸುವ ಜಗಲಿಯ ಮೇಲೆ ನೂರು ಕಂಬಗಳ ನೆಲೆಗಳು ಮಾತ್ರ ಸಾಲಾಗಿ ಕಾಣುತ್ತವೆ. 1565ರ ಯುದ್ಧದ ನಂತರ ಪಟ್ಟಣ ಹಾಳಾದಾಗ ಕಲ್ಲಿನ ಜಗಲಿ ಉಳಿಯಿತು, ಮೇಲಿನದೆಲ್ಲ ಹೋಯಿತು.

ಬಾಗಲಕೋಟೆ ಜಿಲ್ಲೆಯ ಐಹೊಳೆಗೆ ಹೋದರೆ ಲಾಡಖಾನ್ ಗುಡಿಯ ಮಾಡನ್ನು ಗಮನಿಸಿ. ಚಪ್ಪಡಿಗಳ ಸಂದಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳಿವೆ, ಥೇಟ್ ಮರದ ದಿಮ್ಮಿಯ ಹಾಗೆ. ನಮ್ಮ ಗುಡಿಗಳ ಕಲ್ಲುಗಂಬದ ಮೇಲೂ ಬೋದಿಗೆ ಇದೆ, ತೊಲೆ ಇದೆ, ಅಂಕಣ ಇದೆ. ಕಲ್ಲುಕುಟಿಗ ಬಡಿಗನ ಭಾಷೆಯಲ್ಲೇ ಗುಡಿ ಕಟ್ಟಿದ. ಆ ಗುಡಿಗಳಿಗೆ ಬೇಲಿ ಹಾಕಿ ಕಾವಲು ಇಟ್ಟಿದ್ದೇವೆ. ಅದೇ ಭಾಷೆಯ ಮನೆಗಳನ್ನು ‘ಕಚ್ಚಾ ಮನೆ’ ಎಂದು ಪಟ್ಟಿಯಲ್ಲಿ ಬರೆದು ಮುಗಿಸಿದ್ದೇವೆ.

ಕಿಲ್ಲಾರಿಯ ಪಾಠ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿದ್ದು ಹಿರಿಯರಿಗೆ ನೆನಪಿರಬಹುದು. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಸಾವಿರಾರು ಮಂದಿ ಏಳಲೇ ಇಲ್ಲ. ಅದು ನಮಗೆ ದೂರದ ಸೀಮೆಯಲ್ಲ. 1956ರವರೆಗೆ ನಾವೂ ಅವರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವರು. ಮನೆಗಳೂ ನಮ್ಮಂಥವೇ. ಕೆಸರಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಕಟ್ಟಿಗೆಯ ಕಂಬ ತೊಲೆ, ಮೇಲೆ ಎರಡು ಅಡಿಗೂ ಮೀರುವ ಮಣ್ಣು.

ಅಲ್ಲಿಗೆ ಹೋದ ಇಂಜಿನಿಯರುಗಳು ಕಂಡ ಸಂಗತಿಯನ್ನು ನಾವೆಲ್ಲ ನೆನಪಿಡಬೇಕು. ಕಲ್ಲಿನ ಗೋಡೆಗಳು ಕುಸಿದು ಜನರನ್ನು ಕೊಂದವು. ಆದರೆ ಎಷ್ಟೋ ಮನೆಗಳಲ್ಲಿ ಒಳಗಿನ ಮರದ ಚೌಕಟ್ಟು ಮಾತ್ರ ನಿಂತೇ ಇತ್ತು. ಹಾಗಾಗಿ ಮುಂದೆ ಮನೆಗಳನ್ನು ಬಲಪಡಿಸುವ ಸಲಹೆಗಳಲ್ಲಿ ಮುಖ್ಯವಾಗಿ ಬಂದವು ಎರಡು ಮಾತು: ಮೇಲಿನ ಮಣ್ಣು ಕಡಿಮೆ ಮಾಡಿ, ಮತ್ತು ಕಂಬ ತೊಲೆ ಕೂಡುವಲ್ಲಿ ಓರೆಯಾಗಿ ಆಸರೆ ಪಟ್ಟಿ ಕೊಟ್ಟು ಚೌಕಟ್ಟು ವಾಲದಂತೆ ಮಾಡಿ. ನಮ್ಮ ಬಡಿಗರ ಚೌಕಟ್ಟಿನಲ್ಲಿ ಇದ್ದ ಕೊರತೆಯೂ ಇದೇ. ಅದು ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ಹೊರುತ್ತದೆ, ಪಕ್ಕದಿಂದ ಬರುವ ನೂಕನ್ನು ತಡೆಯುವಲ್ಲಿ ಸೋಲುತ್ತದೆ.

ಹದಿನಾರು ವರ್ಷಗಳ ನಂತರ, 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ, ನಮ್ಮ ಸರದಿ ಬಂತು. ಆಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಉತ್ತರ ಕರ್ನಾಟಕದುದ್ದಕ್ಕೂ ದಿನಗಟ್ಟಲೆ ಸುರಿದ ಮಳೆಗೆ, ಉಕ್ಕಿದ ನದಿಗಳಿಗೆ ಲಕ್ಷಾಂತರ ಮನೆ ಹಾಳಾದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ರಾಯಚೂರು ಜಿಲ್ಲೆಯೂ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ‘ಆಸರೆ’ ಯೋಜನೆಯಲ್ಲಿ ಹೊಸ ಊರುಗಳೇ ಎದ್ದವು. ಅಂದಿನಿಂದ ಮಣ್ಣಿನ ಮನೆ ಎಂದರೆ ಸಾವಿನ ಮನೆ ಎಂಬ ಹೆದರಿಕೆ ಬೇರೂರಿತು. ಹೆದರಿಕೆಗೆ ಕಾರಣವಿತ್ತು. ಆದರೆ ಹೆದರಿಕೆಯಲ್ಲಿ ನಾವು ಗೋಡೆಯ ತಪ್ಪನ್ನು ಕಂಬದ ಮೇಲೂ ಹೊರಿಸಿದೆವು.

ಈಗ ಏನು ಮಾಡಬೇಕು?

ಎಲ್ಲರೂ ಮಾಳಿಗೆ ಮನೆಗೆ ಮರಳಿ ಎಂದು ನಾನು ಹೇಳಲಾರೆ. ಹಾಗೆ ಹೇಳುವವರು ಒಂದು ಮಳೆಗಾಲ ಸೋರುವ ಜಂತಿಯ ಕೆಳಗೆ ಪಾತ್ರೆ ಇಟ್ಟುಕೊಂಡು ಮಲಗಿ ನೋಡಬೇಕು. ಗಟ್ಟಿ ಸೂರು ಬಡವನ ಹಕ್ಕು. ಅದೇ ಹೊತ್ತಿಗೆ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ತೆಳು ಕಾಂಕ್ರೀಟ್ ಚಾವಣಿಯ ಕೆಳಗೆ ಮಧ್ಯಾಹ್ನ ಕೂರಲಾಗದೆ ಹಳೆಯ ಮನೆಯ ಪಡಸಾಲೆಗೆ ಬಂದು ಮಲಗುವವರೂ ನಮ್ಮಲ್ಲಿದ್ದಾರೆ. ಮಾಳಿಗೆ ಮನೆಗಳಲ್ಲಿ ಈಗಲೂ ವಾಸವಾಗಿರುವವರಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಒಂದು, ಯಾವ ಕಾರಣಕ್ಕೂ ಕಂಬ ತೆಗೆಯಬೇಡಿ. ಪಾಲಾಗುವಾಗ ಗೋಡೆಯನ್ನು ಎಲ್ಲಿ ಬೇಕಾದರೂ ಎಬ್ಬಿಸಿ, ಕಂಬವನ್ನು ಮುಟ್ಟಬೇಡಿ. ತೊಲೆಯ ತುದಿ ಬರೀ ಗೋಡೆಯ ಮೇಲೆ ಕೂತಿದ್ದರೆ, ಅದರ ಪಕ್ಕದಲ್ಲಿ ಅಡಿಗಲ್ಲಿನ ಮೇಲೆ ಒಂದು ಕಂಬ ಕೊಡಿಸಿ. ಪೂರ್ತಿ ಹೊಸ ಮನೆಯ ಮುಂದೆ ಅದರ ಖರ್ಚು ಏನೂ ಅಲ್ಲ.

ಎರಡು, ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕುವುದಾದರೆ ಅಷ್ಟೇ ಹಳೆಯ ಮಣ್ಣನ್ನು ಹೆರೆದು ಕೆಳಗಿಳಿಸಿ. ಹುಲ್ಲು ಕೀಳಿ, ಅದರ ಬೇರು ನೀರಿಗೆ ದಾರಿ ಮಾಡುತ್ತದೆ. ದೋಣಿಗಳ ಬಾಯಿ ಬಿಡಿಸಿ.

ಮೂರು, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಕಾಲುವೆ ಬಂದ ಊರುಗಳಲ್ಲಿ ನೆಲದ ಹಸಿ ಮೇಲೇರಿರುವ ಕಡೆ ಇದು ಇನ್ನೂ ಮುಖ್ಯ. ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದರೆ ಗಟ್ಟಿಯಾಯಿತೆಂದು ತಿಳಿಯಬೇಡಿ. ಹಸಿ ಒಳಗೇ ಸಿಕ್ಕಿಕೊಳ್ಳುತ್ತದೆ, ಮೇಲೆ ಚೆಂದ ಕಾಣುತ್ತ ಒಳಗೆ ಕರಗುತ್ತದೆ.

ನಾಲ್ಕು, ವರ್ಷಕ್ಕೊಮ್ಮೆ ಕಂಬ, ತೊಲೆ, ಜಂತಿಗಳನ್ನು ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಒರಲೆ ಹೊಕ್ಕಿದೆ ಎಂದೇ ಅರ್ಥ. ಸದ್ದು ಗುರುತಿಸಬಲ್ಲ ಹಿರಿಯ ಬಡಿಗರು ಊರಲ್ಲಿದ್ದರೆ ಅವರನ್ನು ಕರೆಯಿರಿ. ಜೊತೆಗೆ ನಿಮ್ಮ ಮಗನನ್ನೋ ಮಗಳನ್ನೋ ನಿಲ್ಲಿಸಿ. ಇಲ್ಲಿ ಇಂಜಿನಿಯರಿಂಗ್, ಡಿಪ್ಲೊಮಾ ಓದುತ್ತಿರುವ ಗೆಳೆಯರಿದ್ದೀರಿ. ರಜೆಯಲ್ಲಿ ನಿಮ್ಮೂರಿನ ಒಂದು ಮನೆಯ ಕಂಬಗಳನ್ನು ಎಣಿಸಿ, ಅಂಕಣಗಳನ್ನು ಅಳೆದು, ಚಿತ್ರ ಬರೆದಿಡಿ. ಯಾವ ಭಾರ ಎಲ್ಲಿಗೆ ಇಳಿಯುತ್ತದೆಂದು ಗುರುತು ಮಾಡಿ. ಮನೆ ನಾಳೆ ಬಿದ್ದರೂ ವಿದ್ಯೆ ಉಳಿಯುತ್ತದೆ.

ಇತ್ತೀಚೆಗೆ ಹಳೆಯ ಮನೆ ಬಿಚ್ಚಿಸಿ ಕಟ್ಟಿಗೆಯನ್ನು ಮಾರುವುದು ಹೆಚ್ಚಿದೆ. ಕೆತ್ತನೆಯ ಬೋದಿಗೆಗಳು ಹೋಟೆಲು, ರೆಸಾರ್ಟುಗಳ ಗೋಡೆಗೆ ಅಲಂಕಾರವಾಗುತ್ತವೆ. ಮಾರುವವರ ಕಷ್ಟ ಅವರಿಗೆ ಗೊತ್ತು, ನಾನು ದೂರುವುದಿಲ್ಲ. ಆದರೆ ಗೋಡೆಗೆ ನೇತುಹಾಕಿದ ಬೋದಿಗೆ ಏನನ್ನೂ ಹೊರುತ್ತಿರುವುದಿಲ್ಲ. ಅದು ಏಕೆ ಕೈ ಚಾಚಿಕೊಂಡಿದೆ ಎಂಬುದು ನೋಡುವವರಿಗೆ ತಿಳಿಯುವುದೂ ಇಲ್ಲ.

ಆ ಅಣ್ಣತಮ್ಮಂದಿರ ಮನೆಯ ಸುದ್ದಿಯನ್ನು ಇವತ್ತು ಬರೆಯುವುದಾದರೆ ‘ಹಳೆಯ ಮನೆ ಕುಸಿತ’ ಎಂದು ಬರೆಯುವುದಿಲ್ಲ. ‘ಕಂಬ ತೆಗೆದ ಮನೆ ಕುಸಿತ’ ಎಂದು ಬರೆಯುತ್ತೇನೆ. ಜಾಗ ಅಷ್ಟೇ ಹಿಡಿಯುತ್ತದೆ. ಓದಿದವರಲ್ಲಿ ಒಬ್ಬರಾದರೂ ಎದ್ದು ಹೋಗಿ ತಮ್ಮ ಮನೆಯ ಕಂಬಗಳನ್ನು ಎಣಿಸಿಯಾರು.